ಲಾಗ ಹಾಕೂದಕ್ಕೂ ಪುಸ್ತಕ ಬೇಕೇನ್ರೀ?

ದಾಂಡೇಲಿ: ಬಂಗೂರನಗರದ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಹುಡುಗನೊಬ್ಬ ಧಾರವಾಡದ ಬಸ್ಸು ಹತ್ತುತ್ತಾನೆ ಎಂದಿಟ್ಟುಕೊಳ್ಳಿ. ಗೆಳೆಯರು ಬಿ.ಇಡಿ. ಎನ್ನುತ್ತಾರೆ, ಪೇಪರ್ ಮಿಲ್ಲು ಎನ್ನುತ್ತಾರೆ. ಈತ ಮಾತ್ರ ಬಿ.ಪಿ.ಇಡಿ. ಎನ್ನುತ್ತಾನೆ. ಅಂಗಡಿ ಕಟ್ಟೆ ಮೇಲೆ ಕೂತವರು ನಗದೆ ಇರುತ್ತಾರೆಯೇ? "ಪಿ.ಟಿ. ಮಾಸ್ತರ ಆಗಾಕ ಎರಡ ವರ್ಷ ಓದೂದ ಏನೈತ್ರೀ? ಸೀಟಿ ಊದೂದು, ಲಾಗ ಹಾಕ್ಸೂದು!"

ನಗುವವರು ನಗಲಿ. ಆದರೆ ಆ ಲಾಗ ಹಾಕುವ ಹುಡುಗ ತಮ್ಮ ಮನೆಯವನೇ ಆದಾಗ, ಮಾಸ್ತರರಿಗೆ ಏನು ಗೊತ್ತು ಎಂದು ಕೇಳಬೇಕಾಗುತ್ತದೆ. ಯಾಕೆಂದರೆ ಅಲ್ಲಿ ಪಣಕ್ಕಿಟ್ಟಿರುವುದು ಮಗುವಿನ ಕುತ್ತಿಗೆ.

ಒಂದು ವರ್ಷದ್ದಾಗಿದ್ದ ಬಿ.ಪಿ.ಇಡಿ., ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ನಂತರ ಎರಡು ವರ್ಷದ್ದಾಯಿತು. ಪುಸ್ತಕದ ಪಾಠ ಅಲ್ಲಿ ಕಮ್ಮಿಯೇನಿಲ್ಲ. ಎಲುಬು, ಸ್ನಾಯು, ಉಸಿರಾಟ, ಚಲನಶಾಸ್ತ್ರ, ಎಲ್ಲವೂ ಉಂಟು. ಮೈದಾನದ ಪಾಠವೂ ಉಂಟು, ಅದರಲ್ಲಿ ಜಿಮ್ನಾಸ್ಟಿಕ್ಸ್ ಕೂಡ. ತೊಂದರೆ ಇರುವುದು ಇವೆರಡರ ನಡುವಿನ ಗೋಡೆಯಲ್ಲಿ. ಥಿಯರಿಗೆ ಬೇರೆ ಮಾರ್ಕು, ಪ್ರ್ಯಾಕ್ಟಿಕಲ್‌ಗೆ ಬೇರೆ ಮಾರ್ಕು. ಒಬ್ಬ ಗುರುತ್ವ ಕೇಂದ್ರದ ಮೇಲೆ ಎರಡು ಪುಟ ಬರೆದು ಪಾಸಾಗುತ್ತಾನೆ, ಇನ್ನೊಬ್ಬ ಚೆಂದದ ಲಾಗ ಹಾಕಿ ಪಾಸಾಗುತ್ತಾನೆ. ನಾಳೆ ಇಬ್ಬರೂ ಮಾಸ್ತರರೇ!

ಗುರುತ್ವ ಕೇಂದ್ರವೆಂದರೆ ಹೆದರಬೇಕಾದ್ದಿಲ್ಲ. ದಾಂಡೇಲಿ-ಹಳಿಯಾಳ ಬಸ್ಸಿನಲ್ಲಿ ನಿಂತು ಹೋಗುವವರಿಗೆಲ್ಲ ಅದು ಗೊತ್ತು. ತಿರುವು ಬಂತೆಂದರೆ ಕಾಲು ತಾನಾಗಿ ಅಗಲವಾಗುತ್ತದೆ, ಮೊಣಕಾಲು ಸ್ವಲ್ಪ ಮಡಿಚಿಕೊಳ್ಳುತ್ತದೆ. ನೆಲೆ ಅಗಲವಾದಷ್ಟೂ, ಮೈಭಾರ ಕೆಳಗಿಳಿದಷ್ಟೂ ಬೀಳುವ ಭಯ ಕಮ್ಮಿ. ಕೈಮೇಲೆ ನಿಲ್ಲುವವನಿಗೆ ಇದೇ ಲೆಕ್ಕ ತಲೆಕೆಳಗು: ನೆಲೆ ಎರಡು ಅಂಗೈಯಷ್ಟೇ, ಭಾರವೆಲ್ಲ ಮೇಲೆ. ಮೈ ಬೆನ್ನ ಕಡೆ ವಾಲಿದರೆ ಬೆರಳ ತುದಿಯಿಂದ ನೆಲ ಒತ್ತಿ ತಡೆಯಬೇಕು. ಇತ್ತ ವಾಲಿದರೆ ಅಂಗೈಯ ಬುಡ ಒತ್ತಬೇಕು. ಬೆರಳೇ ಅವನ ಬ್ರೇಕು. "ಕಾಲು ನೆಟ್ಟಗೆ ಮಾಡೋ" ಎಂದು ಕೂಗುವ ಮಾಸ್ತರ ಬೆರಳನ್ನು ನೋಡಿದ್ದಾರೆಯೇ? ಪುಸ್ತಕ ಓದಿ ತಾನೂ ಒಮ್ಮೆ ಕೈಮೇಲೆ ನಿಂತವರಾದರೆ ನೋಡಿರುತ್ತಾರೆ.

ಗಾಳಿಯಲ್ಲಿ ಕೂಗಿ ಏನು ಫಲ?

ಇನ್ನು ಗಾಳಿಯಲ್ಲಿ ಹಾಕುವ ಲಾಗ. ಹುಡುಗ ಓಡಿ ಬಂದ, ನೆಗೆದ, ತಿರುಗಿದ, ಇಳಿಯುವಾಗ ಕುಂಡಿಯ ಮೇಲೆ ಕೂತ. "ಸರಿಯಾಗಿ ಇಳಿಯೋ!" ಎಂದು ಬೈಗುಳ. ಆದರೆ ತಪ್ಪಾದದ್ದು ಬಹುತೇಕ ಇಳಿಯುವಾಗಲ್ಲ, ನೆಗೆಯುವಾಗ. ಪುಸ್ತಕದಲ್ಲಿ ಕೋನೀಯ ಸಂವೇಗವೆಂದು ಕರೆಯುವ ತಿರುಗುವ ಶಕ್ತಿಯನ್ನು ಕಾಲು ನೆಲದಲ್ಲಿ ಇರುವಾಗಲೇ ಪಡೆಯಬೇಕು. ನೆಲ ಬಿಟ್ಟ ಮೇಲೆ ಅದು ಇಷ್ಟೇ ಎಂದು ಗೊತ್ತಾಗಿ ಹೋಯಿತು. ಮೈ ಮುದುಡಿದರೆ ಬೇಗ ತಿರುಗುತ್ತಾನೆ, ಬಿಚ್ಚಿದರೆ ನಿಧಾನ. ಅಷ್ಟು ಮಾತ್ರ ಅವನ ಕೈಯಲ್ಲಿ. ಹೆಚ್ಚಿನ ಬೆಲೆಗೆ ಮಾಲು ತಂದ ವ್ಯಾಪಾರಿ ಗಲ್ಲಾದ ಮುಂದೆ ಕೂತು ಲಾಭ ಹುಡುಕಿದ ಹಾಗೆ ಆದೀತು, ಇಳಿಯುವುದನ್ನಷ್ಟೇ ತಿದ್ದಹೋದರೆ.

ಪುಸ್ತಕ ಕಾಣದ ಗರಡಿಮನೆಯ ವಸ್ತಾದರು ಇದನ್ನೆಲ್ಲ ಕಲಿಸಲಿಲ್ಲವೇ ಎಂದು ಕೇಳಿದರೆ, ಕಲಿಸಿದರು. ಹಳಿಯಾಳದ ಕುಸ್ತಿ ಕಣಕ್ಕೆ ಹೋದವರಿಗೆ ಅದು ಗೊತ್ತು. ಔಡಲೆಣ್ಣೆ ಸವರಿದ ಸಾಗವಾನಿ ಮಲ್ಲಕಂಬದ ಮೇಲೆ ಉತ್ತರ ಕರ್ನಾಟಕದ ಮಕ್ಕಳು ಮಾಡುವ ಕಸರತ್ತು ಯಾವ ಜಿಮ್ನಾಸ್ಟಿಕ್ಸಿಗೂ ಕಮ್ಮಿಯಲ್ಲ. ಆದರೆ ವಸ್ತಾದರ ಮುಂದೆ ನಾಲ್ಕಾರು ಶಿಷ್ಯರು, ವರ್ಷಗಟ್ಟಲೆ ಸಮಯ. ಶಾಲೆಯ ಮಾಸ್ತರರಿಗೆ ಐವತ್ತು ಮಕ್ಕಳು, ವಾರಕ್ಕೆ ಒಂದೆರಡು ಪೀರಿಯಡ್ಡು. ಅಷ್ಟರಲ್ಲಿ ಯಾರ ತಪ್ಪು ಎಲ್ಲಿ ಹುಟ್ಟಿತು ಎಂದು ಕಂಡುಹಿಡಿಯಲು ಪುಸ್ತಕವೇ ಅಡ್ಡದಾರಿ.

ಸಲಕರಣೆ ಇಲ್ಲವೆಂಬ ನೆಪಕ್ಕೆ ಅಗರ್ತಲಾದ ದೀಪಾ ಕರ್ಮಾಕರ್ ಉತ್ತರ. ಹಳೇ ಸ್ಕೂಟರಿನ ಬಿಡಿಭಾಗಗಳಿಂದ ಮಾಡಿಕೊಂಡ ಸಲಕರಣೆಯ ಮೇಲೆ ಕಲಿತ ಹುಡುಗಿ ಆಕೆ. ಮಟ್ಟಸ ಪಾದ ಬೇರೆ. ಕೋಚ್ ಬಿಶ್ವೇಶ್ವರ ನಂದಿ ಮೊದಲು ಆ ಪಾದದ ಮೇಲೆಯೇ ದುಡಿದರು. 2016ರ ರಿಯೊ ಒಲಿಂಪಿಕ್ಸಿನ ವಾಲ್ಟ್‌ನಲ್ಲಿ ಆಕೆ ಅಪಾಯದ ಪ್ರೊಡುನೋವಾ ಮಾಡಿ, 15.066 ಅಂಕ ಪಡೆದು ನಾಲ್ಕನೆಯವಳಾದಳು. ಕಂಚು ತಪ್ಪಿದ್ದು 0.150ರಿಂದ. ಎರಡು ಲಾಗ ಹಾಕಿ ಕಾಲ ಮೇಲೆ ಇಳಿಯಬೇಕಾದ ಆ ನೆಗೆತದಲ್ಲಿ ಲೆಕ್ಕ ತಪ್ಪಿದರೆ ಕುತ್ತಿಗೆಯೇ ಹೋದೀತು. ಧೈರ್ಯವೊಂದನ್ನೇ ನಂಬಿ ಯಾವ ಕೋಚೂ ಮಗುವನ್ನು ಅಲ್ಲಿಗೆ ಕಳಿಸಲಾರ.

ಗೋಡೆ ಒಡೆಯಲು ಕೋಟಿ ರೂಪಾಯಿಯ ಸಭಾಂಗಣ ಬೇಡ. ಚಲನಶಾಸ್ತ್ರದ ಪಾಠ ಬೆಂಚಿನಿಂದ ಎದ್ದು ಚಾಪೆಯ ಪಕ್ಕಕ್ಕೆ ಬಂದರಾಯಿತು. ಇಂದು ಪ್ರತಿ ಕಿಸೆಯಲ್ಲೂ ಮೊಬೈಲ್ ಇದೆ. ಲಾಗದ ಚಿತ್ರ ತೆಗೆದು ನಿಧಾನಗತಿಯಲ್ಲಿ ಓಡಿಸಿ, ಎಲ್ಲಿ ತಪ್ಪಿತೆಂದು ವಿದ್ಯಾರ್ಥಿಯ ಬಾಯಲ್ಲೇ ಹೇಳಿಸಬಹುದು. ಪರೀಕ್ಷೆಯಲ್ಲಿ ಲಾಗ ಹಾಕಿದ್ದಕ್ಕಷ್ಟೇ ಅಲ್ಲ, ಇನ್ನೊಬ್ಬ ಹಾಕುವಾಗ ಆಸರೆ ಕೊಟ್ಟಿದ್ದಕ್ಕೂ ಮಾರ್ಕು ಇಡಬೇಕು. ಮುಂಲಾಗಕ್ಕೆ ಮಗುವಿನ ಪಕ್ಕ ಮಂಡಿಯೂರಿ, ಒಂದು ಕೈ ತಲೆಯ ಹಿಂಭಾಗಕ್ಕೆ, ಇನ್ನೊಂದು ತೊಡೆಗೆ. ಗದ್ದ ಎದೆಗೆ ತಾಗಿರಬೇಕು. ಭಾರ ಬೀಳಬೇಕಾದ್ದು ಭುಜದ ಹಿಂದೆ, ನೆತ್ತಿಯ ಮೇಲಲ್ಲ. ಕೈ ಎಲ್ಲಿಡಬೇಕೆಂಬುದು ಪ್ರ್ಯಾಕ್ಟಿಕಲ್, ಅಲ್ಲೇ ಯಾಕಿಡಬೇಕೆಂಬುದು ಥಿಯರಿ.

ಆ ಹುಡುಗ ಮಾಸ್ತರನಾಗಿ ಜೋಯಿಡಾದ ಕಡೆಯ ಯಾವುದೋ ಶಾಲೆಗೆ ಬಂದನೆನ್ನಿ. ಆಗಸ್ಟ್ 15 ಹತ್ತಿರ. "ಸರ್, ಈ ಸಲ ಪಿರಮಿಡ್ ಆಗಬೇಕ್ರೀ, ಊರವರೆಲ್ಲ ಬರ್ತಾರ" ಎನ್ನುತ್ತಾರೆ ಹೆಡ್‌ಮಾಸ್ತರರು. ಚಾಪೆ ಇಲ್ಲ, ಮಳೆಗೆ ಮೈದಾನ ಜಾರುತ್ತಿದೆ. ಅವನು ಮೂರು ಅಂತಸ್ತು ಬೇಡ, ಎರಡೇ ಸಾಕು ಎನ್ನುತ್ತಾನೆ. ಗಟ್ಟಿ ಮಕ್ಕಳನ್ನು ಕೆಳಗೆ ಕೂರಿಸಿ, ತೋಳು-ತೊಡೆ ಕಂಬದಂತೆ ನೆಟ್ಟಗಿವೆಯೇ ಎಂದು ನೋಡುತ್ತಾನೆ. ಮೇಲೆ ಹತ್ತುವವನ ಮಂಡಿ ಬೆನ್ನಿನ ನಟ್ಟನಡುವೆ ಬಂದರೆ ಹಿಡಿದು ಹಿಂದಕ್ಕೆ, ಸೊಂಟದ ಎಲುಬಿನ ಮೇಲಕ್ಕೆ ಸರಿಸುತ್ತಾನೆ.