ನಿಮಗಿದು ಗೊತ್ತೆ? ವಿಮಾನದ ಎಂಜಿನ್ನೂ ಉಸಿರು ಬಿಡಬೇಕು!

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ತುಸು ಪಿಸ್ಟನ್ ರಿಂಗುಗಳ ಸಂದಿಯಿಂದ ಎಂಜಿನ್ನಿನ ಒಡಲಾದ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಅದನ್ನು ಹೊರಹಾಕುವುದೇ ಬ್ರೀದರ್ ಕೊಳವೆ. ತಾವೇ ವಿಮಾನ ಕಟ್ಟುವ ಹವ್ಯಾಸಿಗಳು ಅಗ್ಗವೆಂದು ಈ ಕೊಳವೆಗೆ ರೇಡಿಯೇಟರ್ ಹೋಸ್ ಹಾಕಿದರೆ, ಆವಿಯೊಡನೆ ಬರುವ ಎಣ್ಣೆ ತಾಗಿ ಉಬ್ಬಿ ಮೆತ್ತಗಾದೀತು. ಎಣ್ಣೆ, ಶಾಖ ಎರಡನ್ನೂ ತಾಳುವ ಹೋಸೇ ಬೇಕು. ಫಿಟ್ಟಿಂಗ್‌ನ ಒಳವ್ಯಾಸ ಕಿರಿದಾಗಬಾರದು, ನೀರು ನಿಲ್ಲುವ ತಗ್ಗೂ ಇರಬಾರದು. ಎತ್ತರದ ಕೊರೆಯುವ ಚಳಿಯಲ್ಲಿ ಕೊಳವೆಯ ಹೊರತುದಿ ಹಿಮಗಟ್ಟಿ ಮುಚ್ಚಿಕೊಂಡರೆ? ಒಳಗಿನ ಒತ್ತಡ ಏರಿ ಪ್ರೊಪೆಲರ್ ಬದಿಯ ಆಯಿಲ್ ಸೀಲ್ ಕಿತ್ತುಬರಬಹುದು, ಎಣ್ಣೆಯೆಲ್ಲ ಗಾಳಿಪಾಲು! ಅದಕ್ಕೇ ಎಂಜಿನ್ ಮುಸುಕಿನೊಳಗೆ, ಬೆಚ್ಚಗಿರುವ ಕಡೆ, ಕೊಳವೆಗೊಂದು ಪುಟ್ಟ ಸೀಳು ಕೊರೆದಿರುತ್ತಾರೆ. ಹೆಸರು ‘ವಿಸಲ್ ಸ್ಲಾಟ್’. ತುದಿ ಕಟ್ಟಿದರೂ ಆವಿಗೆ ಅಲ್ಲಿ ದಾರಿಯಿದೆ; ಖರ್ಚೂ ಹೆಚ್ಚಿಲ್ಲ.