ಬೆಕ್ಕಿನ ಮರಿ ತರಲು ಅವಸರ ಬೇಡ

ನಮ್ಮ ಅರಸೀಕೆರೆ ಕಡೆ ತೆಂಗು ಬೆಳೆಯುವವರ ಮನೆಯಲ್ಲಿ ಅಟ್ಟ ಇದ್ದೇ ಇರುತ್ತದೆ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಇಳಿಸುವುದು ಹತ್ತು-ಹನ್ನೊಂದು ತಿಂಗಳ ಮೇಲೆ. ಅಷ್ಟು ದಿನ ಇಲಿಯಿಂದ ಅದನ್ನು ಕಾಯುವುದು ಕೊತ್ತಿ. ಬೇಲೂರು, ಹಳೇಬೀಡು ಕಡೆ ರಾಗಿ, ಮುಸುಕಿನ ಜೋಳ ಕೂಡಿಡುವವರಿಗೂ ಅದೇ ಕಾವಲು.

ಕೆಲವು ವರ್ಷದ ಹಿಂದೆ ನಮ್ಮ ಹಳೆಯ ಬೆಕ್ಕು ಸತ್ತಿತು. ಹಳೇಬೀಡಿನ ಹತ್ತಿರ ಅಕ್ಕನ ಮನೆಯಲ್ಲಿ ಮರಿಗಳಿದ್ದವು. 'ಇನ್ನೂ ಹಾಲು ಬಿಟ್ಟಿಲ್ಲ ಕಣೋ, ತಡ್ಕೋ' ಅಂದಳು ಅಕ್ಕ. ನಾನು ಕೇಳಲಿಲ್ಲ. ತಿಂಗಳ ಮರಿಯನ್ನು ಬುಟ್ಟಿಯಲ್ಲಿಟ್ಟು ತಂದೆ. ಹಸುವಿನ ಹಾಲು ಕುಡಿಸಿದೆವು. ಮೂರನೇ ದಿನ ಭೇದಿ, ಐದನೇ ದಿನ ಮರಿ ಇಲ್ಲ. ಮಗಳು ಆ ರಾತ್ರಿ ಮುದ್ದೆ ಮುಟ್ಟಲಿಲ್ಲ. ಆ ವರ್ಷ ಅಟ್ಟದ ಕಾಯಿಗೂ ಇಲಿ ಬಿತ್ತು.

ವಾರದ ಲೆಕ್ಕ

ಹುಟ್ಟಿದಾಗ ಮರಿ ಸುಮಾರು 100 ಗ್ರಾಂ. ಒಂದರಿಂದ ಎರಡು ವಾರದೊಳಗೆ ಕಣ್ಣು ಬಿಡುತ್ತದೆ. ನಾಲ್ಕನೇ ವಾರದ ಹೊತ್ತಿಗೆ ತಟ್ಟೆಗೆ ಬಾಯಿ ಹಾಕುತ್ತದೆ. ಆಗಲೇ 'ಊಟ ಮಾಡ್ತದೆ, ತಗೊಂಡೋಗಬಹುದು' ಅಂದುಕೊಳ್ಳುವುದು ತಪ್ಪು. ಪೂರ್ತಿ ಹಾಲು ಬಿಡಲು ಎಂಟು ವಾರ ಬೇಕು. ವಾರಕ್ಕೆ ಹೆಚ್ಚುಕಡಿಮೆ 100 ಗ್ರಾಂ ತೂಕ ಏರುತ್ತದೆ. ಎಂಟು ವಾರಕ್ಕೆ 800 ಗ್ರಾಂ ಆಸುಪಾಸು ಇದ್ದರೆ ಬೆಳವಣಿಗೆ ಸರಿ ಇದೆ ಎಂದು ತಿಳಿಯಿರಿ. ಕಾಳು ತೂಗುವ ತಕ್ಕಡಿಯೇ ಸಾಕು.

ತಾಯಿಯ ಪಾಠ

ಮರಿಗೆ ಒಂದು ತಿಂಗಳಾಗುವಾಗ ತಾಯಿ ಸತ್ತ ಇಲಿ ತಂದು ಮುಂದಿಡುತ್ತದೆ. ಆಮೇಲೆ ಅರೆಜೀವದ್ದನ್ನು ತಂದು ಬಿಡುತ್ತದೆ. ಮರಿ ಹಾರುತ್ತದೆ, ತಪ್ಪಿಸಿಕೊಳ್ಳುತ್ತದೆ, ಮತ್ತೆ ಹಿಡಿಯುತ್ತದೆ. ಇದೇ ಶಾಲೆ. ಅಣ್ಣತಮ್ಮಂದಿರ ಜೊತೆ ಜಗಳ ಆಡಿಯೇ ಎಷ್ಟು ಗಟ್ಟಿ ಕಚ್ಚಬೇಕು ಅನ್ನುವುದನ್ನೂ ಕಲಿಯುತ್ತದೆ. ಬೇಗ ಬಿಡಿಸಿದ ಮರಿ ಕೈ ಪರಚುವುದು, ಬಟ್ಟೆ ಚೀಪುವುದು ಇದಕ್ಕೇ. ಇಲಿಗಾಗಿ ಬೆಕ್ಕು ಬೇಕಾದವರು ಹತ್ತರಿಂದ ಹನ್ನೆರಡು ವಾರ ಕಾಯುವುದು ಲಾಭ. ಮಾಂಸ ತಿನ್ನದ ಮನೆಗಂತೂ ಇದು ಬೇಕೇ ಬೇಕು. ಹಾಲನ್ನದಲ್ಲಿ ಮಾತ್ರ ಬೆಕ್ಕಿನ ಮೈ ನಿಲ್ಲುವುದಿಲ್ಲ, ಅದು ಹಿಡಿದು ತಿನ್ನಲೇಬೇಕು.

ಆದರೆ ಮರಿಯನ್ನು ಅಟ್ಟದ ಮೂಲೆಯಲ್ಲೇ ಬಿಟ್ಟುಬಿಡಬೇಡಿ. ಎರಡನೇ ವಾರದಿಂದ ಏಳನೇ ವಾರದೊಳಗೆ ದಿನಾ ಕೈಯಲ್ಲಿ ಹಿಡಿದು ಸವರಿದರೆ ಮಾತ್ರ ಜನರಿಗೆ ಹೊಂದಿಕೊಳ್ಳುತ್ತದೆ. ಮರಿ ಕೊಡುವ ಮನೆಯವರು ಈ ಕೆಲಸ ಮಾಡಬೇಕು.

ಹೊರಡುವ ಗುರುತು

ತಾಯಿ ಮೊಲೆ ಕೊಡದೆ ಬೋರಲು ಮಲಗುತ್ತದೆ, ಬಂದ ಮರಿಗೆ ಗುರ್ ಅನ್ನುತ್ತದೆ. ಮರಿ ತಾನೇ ತಿನ್ನುತ್ತದೆ, ಬೂದಿಯಲ್ಲಿ ಗುಂಡಿ ತೋಡಿ ಮುಚ್ಚುತ್ತದೆ, ಮೈ ನೆಕ್ಕಿ ಚೊಕ್ಕಟ ಮಾಡಿಕೊಳ್ಳುತ್ತದೆ. ಇಷ್ಟು ಕಂಡರೆ ತರಬಹುದು. ಎಲ್ಲಾ ಮರಿಗಳನ್ನು ಒಂದೇ ದಿನ ಕೊಟ್ಟುಬಿಡಬೇಡಿ, ತಾಯಿಯ ಮೊಲೆ ಬಾತುಕೊಳ್ಳುತ್ತದೆ. ನಾಲ್ಕಾರು ದಿನ ಬಿಟ್ಟು ಒಂದೊಂದಾಗಿ ಕೊಡಿ.

ತಂದ ಮೇಲೆ

ತಾಯಿ ಮಲಗಿದ್ದ ಬಟ್ಟೆಯ ಚೂರೊಂದನ್ನು ಜೊತೆಗೆ ತನ್ನಿ. ಎರಡು ವಾರ ಒಂದೇ ಕೋಣೆಯಲ್ಲಿ ಕೂಡಿಟ್ಟು ಬೂದಿ ತಟ್ಟೆ, ನೀರು ಇಡಿ. ಅಲ್ಲಿ ತಿನ್ನುತ್ತಿದ್ದ ಊಟವನ್ನೇ ಕೊಡಿ. ಜಂತುಹುಳುವಿನ ಔಷಧಿ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಗೆ ಪಶು ಆಸ್ಪತ್ರೆಯಲ್ಲಿ ಕೇಳಿ. 'ಹೊಟ್ಟೆ ಹಸಿದ್ರೆ ತಾನೇ ಇಲಿ ಹಿಡಿಯೋದು' ಅಂತ ಉಪವಾಸ ಕೆಡವಬೇಡಿ, ಹಸಿದ ಮರಿ ಮನೆ ಬಿಟ್ಟು ಹೋಗುತ್ತದೆ. ಬೆಕ್ಕು ಸಾಕಿದ ಮೇಲೆ ಇಲಿ ಪಾಷಾಣ ನಿಲ್ಲಿಸಿ. ವಿಷ ತಿಂದ ಇಲಿಯನ್ನು ತಿಂದರೆ ಬೆಕ್ಕೂ ಸಾಯುತ್ತದೆ.

ಮುಂದಿನ ಸಲ ಅಕ್ಕ ಕರೆಯುವವರೆಗೂ ನಾನು ಹೋಗಲಿಲ್ಲ. ಮೂರು ತಿಂಗಳು ತುಂಬಿದ ಹೆಣ್ಣು ಮರಿ ತಂದೆ. ಬಂದ ಹದಿನೈದನೇ ದಿನ ಅಟ್ಟದಿಂದ ಇಲಿ ಕಚ್ಚಿಕೊಂಡು ಇಳಿಯಿತು. ಈಗ ನಮ್ಮ ಮನೆಯಿಂದಲೇ ಮರಿ ಕೇಳಿಕೊಂಡು ಬರುತ್ತಾರೆ. ಅವರಿಗೆ ನಾನೂ ಅಕ್ಕನ ಮಾತೇ ಹೇಳುತ್ತೇನೆ: ತಡ್ಕೊಳ್ಳಿ.