ಮುಖ ಆರು, ನಂಬರು ಒಂದೇ

ಕನ್ನಡದಲ್ಲಿ ‘ಬೇಹು’, ತೆಲುಗಿನಲ್ಲಿ ‘ವೇಗು’. ಎರಡೂ ಒಂದೇ ಬೇರಿನ ಮಾತು. ಭಾಷೆಯ ಗಡಿ ದಾಟುವಾಗ ಅಕ್ಷರ ಸ್ವಲ್ಪ ವೇಷ ಬದಲಿಸಿಕೊಂಡಿದೆ, ಅಷ್ಟೆ. ಬೇಹುಗಾರನ ಕಸುಬೂ ಅದೇ ತಾನೆ? ಆದರೆ ಸಿನಿಮಾದ ಬೇಹುಗಾರನಿಗೆ ಇನ್ನೊಂದು ಕಷ್ಟ ಇದೆ. ವೇಷ ಹಾಕಿದ ನಟನಿಗೆ ವಯಸ್ಸಾಗುತ್ತೆ, ಪಾತ್ರಕ್ಕೆ ಆಗಬಾರದು. ಆಗೇನು ಮಾಡೋದು? ಈ ಪ್ರಶ್ನೆಗೆ ಅರವತ್ತು ವರ್ಷಕ್ಕೂ ಮೇಲ್ಪಟ್ಟು ಉತ್ತರ ಹುಡುಕುತ್ತಾ ಬಂದವನು ಇಂಗ್ಲೆಂಡಿನ ಜೇಮ್ಸ್ ಬಾಂಡ್, ನಂಬರು 007.

ಇವನನ್ನು ಹುಟ್ಟಿಸಿದ್ದು ಇಯಾನ್ ಫ್ಲೆಮಿಂಗ್ ಎಂಬ ಲೇಖಕ, 1953ರಲ್ಲಿ, ‘ಕ್ಯಾಸಿನೊ ರಾಯಲ್’ ಕಾದಂಬರಿಯಲ್ಲಿ. ಹೆಸರು ಎರವಲು ತಂದದ್ದು ವೆಸ್ಟ್ ಇಂಡೀಸಿನ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಪಕ್ಷಿತಜ್ಞರೊಬ್ಬರಿಂದ. ಮರುವರ್ಷವೇ ಅಮೆರಿಕದ ಟಿ.ವಿ.ಯವರು ಬ್ಯಾರಿ ನೆಲ್ಸನ್ ಎಂಬ ನಟನ ಕೈಲಿ ಆ ವೇಷ ಹಾಕಿಸಿ, ಬಾಂಡನನ್ನು ಅಮೆರಿಕದವನನ್ನಾಗಿ ಮಾಡಿಬಿಟ್ಟರು. 1962ರ ‘ಡಾಕ್ಟರ್ ನೋ’ ಚಿತ್ರಕ್ಕೆ ಷಾನ್ ಕಾನರಿ ಬಂದರು. ಸ್ಕಾಟ್ಲೆಂಡಿನ ಎಡಿನ್‌ಬರೋದವರು, ಹಿಂದೆ ಮನೆಮನೆಗೆ ಹಾಲು ಹಾಕಿದವರು. ಫ್ಲೆಮಿಂಗ್‌ಗೆ ಮೊದಲು ಈ ಆಯ್ಕೆ ಹಿಡಿಸಲಿಲ್ಲ. ಸಿನಿಮಾ ಗೆದ್ದ ಮೇಲೆ ಮನಸ್ಸು ಬದಲಾಯಿತು. 1964ರಲ್ಲಿ ಬಂದ ಕಾದಂಬರಿಯಲ್ಲಿ ಬಾಂಡನ ಅಪ್ಪ ಸ್ಕಾಟ್ಲೆಂಡಿನವನು ಅಂತ ಬರೆದಿದ್ದಾರೆ. ಪಾತ್ರಕ್ಕೆ ತಕ್ಕ ನಟ ಬೇಕು ಅಂತೀವಿ. ಇಲ್ಲಿ ನಟನಿಗೆ ತಕ್ಕ ಹಾಗೆ ಪಾತ್ರದ ಅಪ್ಪನ ಊರೇ ಸಿಕ್ಕಿತು.

ನಿಜವಾದ ಪರೀಕ್ಷೆ ನಡೆದದ್ದು 1969ರಲ್ಲಿ. ಕಾನರಿ ಬಿಟ್ಟ ಜಾಗಕ್ಕೆ ಆಸ್ಟ್ರೇಲಿಯಾದ ಮಾಡೆಲ್ ಜಾರ್ಜ್ ಲೇಜನ್‌ಬಿ ಬಂದರು. ಮಾಡಿದ್ದು ಒಂದೇ ಚಿತ್ರ. ಅದರಲ್ಲಿ ಬಾಂಡನಿಗೆ ಮದುವೆ ಆಗುತ್ತೆ, ಮದುವೆಯ ದಿನವೇ ಹೆಂಡತಿ ಟ್ರೇಸಿ ಗುಂಡಿಗೆ ಬಲಿಯಾಗುತ್ತಾಳೆ. 1971ರಲ್ಲಿ ಕಾನರಿ ವಾಪಸು ಬಂದರು, 1973ರಿಂದ ರೋಜರ್ ಮೂರ್. 1981ರ ಚಿತ್ರದಲ್ಲಿ ಇದೇ ಮೂರ್ ಟ್ರೇಸಿಯ ಸಮಾಧಿಗೆ ಹೂ ಇಡುತ್ತಾರೆ. ಮದುವೆಯಾದ ನಟ ಬೇರೆ, ಹೂ ಇಟ್ಟ ನಟ ಬೇರೆ, ದುಃಖ ಮಾತ್ರ ಒಂದೇ. ನೋಡುವವರು ಒಪ್ಪಿಕೊಂಡರು.

ಯಾಕೆ ಒಪ್ಪಿಕೊಂಡರು ಅಂದರೆ, ನಿರ್ಮಾಪಕರು ಎಲ್ಲವನ್ನೂ ಒಂದೇ ಸಲ ಬದಲಿಸಲಿಲ್ಲ. ಚಪ್ಪರದ ಒಂದು ಕಂಬ ಕೀಳುವಾಗ ಉಳಿದ ಕಂಬಗಳನ್ನು ಅಲ್ಲಾಡಿಸಬಾರದು, ಅಷ್ಟು ಲೆಕ್ಕ. ಬಂದೂಕು, ಯಂತ್ರಗಳನ್ನು ಕೊಡುವ ‘ಕ್ಯೂ’ ಪಾತ್ರವನ್ನು ಡೆಸ್ಮಂಡ್ ಲೆವೆಲಿನ್ 1963ರಿಂದ 1999ರವರೆಗೆ 17 ಚಿತ್ರಗಳಲ್ಲಿ ಮಾಡಿದರು. ಐದು ಬಾಂಡರನ್ನು ಕಂಡ ಮನುಷ್ಯ ಅವರು. ಆಫೀಸಿನ ಮನಿಪೆನ್ನಿಯಾಗಿ ಲೋಯಿಸ್ ಮ್ಯಾಕ್ಸ್‌ವೆಲ್ 1962ರಿಂದ 1985ರವರೆಗೆ 14 ಚಿತ್ರಗಳಲ್ಲಿ ಇದ್ದರು. ಸಂಗೀತ ಅದೇ, ನಂಬರು ಅದೇ. ಮಧ್ಯದ ಮುಖ ಒಂದು ಹೊಸದು.

ಇನ್ನು ಕಾಲಕ್ಕೆ ತಕ್ಕ ಕೋಲ. ಮೂರ್ ನಗಿಸುವ ಬಾಂಡ್. 1983ರ ‘ಆಕ್ಟೋಪಸ್ಸಿ’ಗೆ ಉದಯಪುರಕ್ಕೂ ಬಂದಿದ್ದರು, ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಆಟೋ ಓಡಿಸಿದ್ದು ಅದರಲ್ಲೇ. 1985ರಲ್ಲಿ ಮೂರ್ ಬಿಡುವಾಗ 57 ವಯಸ್ಸು. ಆಮೇಲೆ ಬಂದ ಟಿಮೊಥಿ ಡಾಲ್ಟನ್ ಮುಖ ಗಂಟು ಹಾಕಿಕೊಂಡ ಬಾಂಡ್, ಎರಡೇ ಚಿತ್ರ. 1989ರಿಂದ ಆರು ವರ್ಷ ಹಕ್ಕಿನ ತಕರಾರಿನಿಂದ ಚಿತ್ರವೇ ಇಲ್ಲ. ಅಷ್ಟರಲ್ಲಿ 1991ಕ್ಕೆ ಸೋವಿಯತ್ ಒಕ್ಕೂಟವೇ ಒಡೆದುಹೋಯಿತು. ಶತ್ರುವೇ ಇಲ್ಲದ ಮೇಲೆ ಬೇಹುಗಾರನಿಗೇನು ಕೆಲಸ ಅಂತ ಜನ ಕೇಳಿದರು. 1995ರ ‘ಗೋಲ್ಡನ್ ಐ’ ಆ ಪ್ರಶ್ನೆಯನ್ನೇ ಕಥೆಯೊಳಗೆ ತಂದಿತು. ಪಿಯರ್ಸ್ ಬ್ರಾಸ್ನನ್ ಬಾಂಡ್ ಆದರು, ಅವರ ಮೇಲಧಿಕಾರಿಯಾಗಿ ಜೂಡಿ ಡೆಂಚ್ ಎಂಬ ಹಿರಿಯ ನಟಿ ಬಂದರು. ನೀನು ಹಳೇ ಕಾಲದ ಪ್ರಾಣಿ ಕಣಯ್ಯಾ ಅನ್ನೋ ಅರ್ಥದಲ್ಲಿ ಆಕೆ ಮುಖಕ್ಕೇ ಹೇಳಿಬಿಡುತ್ತಾಳೆ. ಬಾಂಡನ ಸಂಸ್ಥೆ ಎಂಐ6ಕ್ಕೆ ನಿಜವಾಗಿ ಮೊದಲ ಮಹಿಳಾ ಮುಖ್ಯಸ್ಥೆ ಬಂದದ್ದು 2025ರಲ್ಲಿ. ಸಿನಿಮಾ 30 ವರ್ಷ ಮುಂದಿತ್ತು.

2006ರಲ್ಲಿ ಡೇನಿಯಲ್ ಕ್ರೇಗ್ ಬಂದಾಗ, ಇವನ ಕೂದಲು ಹೊಂಬಣ್ಣ, ಇವನೆಂಥಾ ಬಾಂಡ್ ಅಂತ ಗಲಾಟೆ ಎದ್ದಿತ್ತು. ಚಿತ್ರ ಬಂದ ಮೇಲೆ ಬಾಯಿ ಮುಚ್ಚಿತು. ಕ್ರೇಗ್ ಚಿತ್ರಗಳಲ್ಲಿ ನಮ್ಮ ಮಡಕಶಿರಾ ಸೀಮೆಯ ರೈತರು ನೋಡಲೇಬೇಕಾದ್ದು 2008ರ ‘ಕ್ವಾಂಟಮ್ ಆಫ್ ಸೊಲೇಸ್’. ಅದರ ಖಳ ಬೊಲಿವಿಯಾದ ಮರುಭೂಮಿ ಕೇಳುತ್ತಾನೆ. ಎಣ್ಣೆ ಇರಬೇಕು ಅಂತ ಎಲ್ಲರ ಊಹೆ. ಅವನಿಗೆ ಬೇಕಾದದ್ದು ನೀರು. ನೆಲದಡಿ ಗುಟ್ಟಾಗಿ ಅಣೆ ಕಟ್ಟಿ, ಅದೇ ನೀರನ್ನು ಆ ದೇಶಕ್ಕೇ ದುಬಾರಿಗೆ ಮಾರುವ ಲೆಕ್ಕ. ಬೊಲಿವಿಯಾದ ಕೊಚಬಾಂಬ ನಗರದಲ್ಲಿ 2000ದಲ್ಲಿ ನೀರನ್ನು ಖಾಸಗಿಯವರಿಗೆ ಕೊಟ್ಟದ್ದರ ವಿರುದ್ಧ ಜನ ಬೀದಿಗಿಳಿದು ಗೆದ್ದದ್ದು ಚರಿತ್ರೆ. ಬೋರು ಕೊರೆಸಿ ಬರೀ ಧೂಳು ಕಂಡವರಿಗೆ ಈ ಖಳ ಬೇಗ ಅರ್ಥವಾಗುತ್ತಾನೆ.

2021ರ ‘ನೋ ಟೈಮ್ ಟು ಡೈ’ನಲ್ಲಿ 007 ನಂಬರನ್ನು ಕಪ್ಪು ವರ್ಣದ ಯುವತಿಯೊಬ್ಬಳಿಗೆ ಕೊಟ್ಟಿರುತ್ತಾರೆ. ಕೊನೆಗೆ ಬಾಂಡ್ ಸಾಯುತ್ತಾನೆ. ಆದರೂ ಚಿತ್ರ ಮುಗಿದ ಮೇಲೆ, ಬಾಂಡ್ ಮತ್ತೆ ಬರುತ್ತಾನೆ ಅಂತ ಅಕ್ಷರ ಮೂಡುತ್ತೆ. ಈ ಧೈರ್ಯ ಎಲ್ಲಿಂದ? ಪಾತ್ರ ನಟನ ಸ್ವಂತ ಆಸ್ತಿ ಅಲ್ಲ ಅನ್ನೋ ನಂಬಿಕೆಯಿಂದ.

ಇಲ್ಲಿ ನಮ್ಮ ಎರಡು ಭಾಷೆಗಳ ಮಾತು ಬರುತ್ತೆ. ಬಾಂಡ್ ಗಾಳಿ ಬೀಸಿದಾಗ 1966ರಲ್ಲಿ ತೆಲುಗಿನಲ್ಲಿ ಕೃಷ್ಣ ‘ಗೂಢಚಾರಿ 116’ ಆದರು. ಅದೇ ಕಥೆ 1967ರಲ್ಲಿ ಜಿತೇಂದ್ರ ಅಭಿನಯದ ಹಿಂದಿ ‘ಫರ್ಜ್’ ಆಯಿತು. 1968ರಲ್ಲಿ ದೊರೆ-ಭಗವಾನ್ ಅವರ ‘ಜೇಡರ ಬಲೆ’ಯಲ್ಲಿ ಡಾ. ರಾಜ್‌ಕುಮಾರ್ ಸಿ.ಐ.ಡಿ. 999 ಆದರು. ಹಿಂದೆಯೇ ‘ಗೋವಾದಲ್ಲಿ ಸಿ.ಐ.ಡಿ. 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಹತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಬಾಂಡನ ಕುಡಿತ, ಸಿಗರೇಟು ನಮ್ಮ ಅಣ್ಣಾವ್ರಿಗೆ ಒಗ್ಗುವುದಲ್ಲ. ಬಂದೂಕು ಇಟ್ಟುಕೊಂಡು ಚಟ ಬಿಟ್ಟ ಬಾಂಡ್ ಕನ್ನಡಕ್ಕೆ ಸಿಕ್ಕ. ಪಾತ್ರ ಊರು ಬದಲಿಸಿದರೆ ನಡತೆಯೂ ಬದಲಾಗಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಾನು ಕಾಣೆ.

ಆದರೆ ಅಣ್ಣಾವ್ರ ನಂತರ ಆ ಸರಣಿ ಮುಂದಕ್ಕೆ ಹೋಗಲಿಲ್ಲ. ನಟ ದೊಡ್ಡವರಾದರು, ಪಾತ್ರ ಅವರೊಳಗೆ ಕರಗಿತು. ತೆಲುಗಿನವರು 2018ರಲ್ಲಿ ಅಡಿವಿ ಶೇಷ್ ಅವರಿಂದ ‘ಗೂಢಚಾರಿ’ ಅನ್ನೋ ಹೆಸರನ್ನಾದರೂ ಮತ್ತೆ ಎತ್ತಿಕೊಂಡರು. ನಮಗೆ ಕೈಬದಲಿಸುವ ವಿದ್ಯೆ ಗೊತ್ತಿಲ್ಲ ಅಂತಲ್ಲ. ನಮ್ಮ ಕಡೆ ಹಳ್ಳಿಹಳ್ಳಿಯಲ್ಲಿ ‘ಕುರುಕ್ಷೇತ್ರ’ ಆಡ್ತಾರೆ. ಈ ವರ್ಷದ ದುರ್ಯೋಧನ ಮುಂದಿನ ವರ್ಷ ಇರಲ್ಲ. ಹಾರ್ಮೋನಿಯಂ ಮೇಷ್ಟ್ರು ಅವರೇ, ಮಟ್ಟು ಅದೇ. ಹೋದ ಸಲದವನೇ ವಾಸಿ ಕಣಪ್ಪಾ ಅಂತ ಗೊಣಗುತ್ತಲೇ ಜನ ಬೆಳಗಿನ ಜಾವದವರೆಗೂ ಕೂರುತ್ತಾರೆ. ಹಳ್ಳಿಯ ಸ್ಟೇಜಿನ ಮೇಲೆ ಇರುವ ಈ ಔದಾರ್ಯ ಸಿನಿಮಾದ ಪರದೆ ಮೇಲೆ ಯಾಕಿಲ್ಲ?

2025ರ ಫೆಬ್ರವರಿಯಲ್ಲಿ ಬಾಂಡ್ ಚಿತ್ರಗಳ ಯಜಮಾನಿಕೆ, ಮೊದಲಿನಿಂದ ನಡೆಸಿಕೊಂಡು ಬಂದ ಬ್ರಾಕಲಿ ಮನೆತನದಿಂದ ಅಮೆಜಾನ್ ಕಂಪನಿಯ ಕೈಗೆ ಹೋಯಿತು. ಮುಂದಿನ ಚಿತ್ರದ ನಿರ್ದೇಶಕರಾಗಿ ಡೆನಿ ವಿಲ್ನೂವ್ ಅವರನ್ನು ಹೆಸರಿಸಿದರು. ಮನೆತನ ಕೈಬಿಟ್ಟ ಜಮೀನನ್ನು ಕಂಪನಿ ಹೇಗೆ ಉಳುತ್ತೆ ಅನ್ನೋದು ನನಗಿರುವ ಕುತೂಹಲ. ನೀರಿದೆ ಅಂತ ಹಗಲೂ ರಾತ್ರಿ ಮೋಟರು ಓಡಿಸಿದರೆ ಬೋರು ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕ ತೀರಿಕೊಂಡ 60 ವರ್ಷದವರೆಗೆ ಅವನ ಪುಸ್ತಕದ ಮೇಲೆ ಹಕ್ಕು. ಫ್ಲೆಮಿಂಗ್ ತೀರಿಕೊಂಡದ್ದು 1964ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಅವಧಿ ಭಾರತದಲ್ಲಿ 2024ರ ಕೊನೆಗೆ ಮುಗಿಯಿತು. ಸಿನಿಮಾ, ಸಂಗೀತ, ಟ್ರೇಡ್‌ಮಾರ್ಕಿನ ಮಾತು ಬೇರೆ. ಆದರೆ ಆ ಕಾದಂಬರಿಗಳನ್ನು ಕನ್ನಡಕ್ಕೋ ತೆಲುಗಿಗೋ ತರಲು ಬಾಗಿಲು ತೆರೆದಿದೆ. ತರುವವರು ತರಲಿ. ಜೊತೆಗೆ ನಮ್ಮ 999ನನ್ನೂ ನೆನೆಯಲಿ. ಹೊಸ ಹುಡುಗನೊಬ್ಬ ಆ ನಂಬರು ಹಾಕಿಕೊಂಡು ಬಂದರೆ ಅಣ್ಣಾವ್ರಿಗೆ ಅಗೌರವ ಆಗೋದಿಲ್ಲ. ಅವರು ಕಟ್ಟಿದ ಪಾತ್ರ ಅವರ ನಂತರವೂ ನಡೆದಾಡಿದ ಹಾಗಾಗುತ್ತೆ.